ದೇವರ ಗುಡ್ಡದ ಹತ್ತಿರ ಮನೆ: ಯಾಣ, ಕರಿಕಾನ, ಸೋಂದೆ, ಉಳವಿ – ಯಾರಿಗೆ ಯಾವುದು?

ಬೆಂಗಳೂರು, ಹುಬ್ಬಳ್ಳಿ, ಪುಣೆ ಕಡೆಯಿಂದ ಉತ್ತರ ಕನ್ನಡಕ್ಕೆ ಬಂದು ನೆಲೆಸುತ್ತೇವೆ ಅನ್ನುವವರು ಈಗ ಜಾಸ್ತಿ ಸಿಗುತ್ತಾರೆ. ಅವರಲ್ಲಿ ಕೆಲವರಿಗೆ ಬರೀ ಹಳ್ಳಿ ಸಾಲದು. ಹತ್ತಿರದಲ್ಲಿ ದೇವರಿರುವ ಗುಡ್ಡ ಇರಬೇಕು, ಮನಸ್ಸು ಬಂದಾಗ ನಡೆದು ಹೋಗಿ ಕೂತು ಬರುವ ಹಾಗಿರಬೇಕು. ಆಸೆ ಒಳ್ಳೆಯದೇ. ನಮ್ಮ ಜಿಲ್ಲೆಯಲ್ಲಿ ಅಂಥ ಜಾಗಗಳಿಗೆ ಬರವೂ ಇಲ್ಲ.

ತೊಂದರೆ ಇರುವುದು ಅವರು ಊರು ನೋಡುವ ಕಾಲದಲ್ಲಿ. ಬಹಳಷ್ಟು ಜನ ಬರುವುದು ನವೆಂಬರ್‌ನಿಂದ ಫೆಬ್ರವರಿ ಒಳಗೆ. ಆಗ ಹಳ್ಳದಲ್ಲಿ ನೀರಿರುತ್ತದೆ, ರಸ್ತೆ ಒಣಗಿರುತ್ತದೆ, ಅಂಗಳದಲ್ಲಿ ಅಡಿಕೆ ಹರಡಿರುತ್ತದೆ, ಬೆಳಗ್ಗೆ ಚಳಿ. ಯಾವ ಊರು ನೋಡಿದರೂ ಇಲ್ಲೇ ಇದ್ದುಬಿಡೋಣ ಅನಿಸುತ್ತದೆ. ಆದರೆ ಇಲ್ಲಿ ಊರಿನ ಗುಣ ಗೊತ್ತಾಗುವುದು ಎರಡೇ ಹೊತ್ತಿನಲ್ಲಿ. ಒಂದು ಆಷಾಢ, ಇನ್ನೊಂದು ಏಪ್ರಿಲ್ ಕೊನೆ. ಆಷಾಢದಲ್ಲಿ ದಾರಿ, ಕರೆಂಟು, ಮನೆ ಹಿಂದಿನ ಗುಡ್ಡ ಏನಾಗುತ್ತದೆ? ಏಪ್ರಿಲ್‌ನಲ್ಲಿ ಬಾವಿಯಲ್ಲಿ ಎಷ್ಟು ನೀರಿರುತ್ತದೆ? ಈ ಎರಡು ಪ್ರಶ್ನೆ ಇಟ್ಟುಕೊಂಡೇ ಇಲ್ಲಿ ನಾಲ್ಕು ಜಾಗಗಳನ್ನು ಹೋಲಿಸುತ್ತೇನೆ: ಯಾಣ, ಹೊನ್ನಾವರದ ಕರಿಕಾನ, ಶಿರಸಿಯ ಸೋಂದೆ, ಜೋಯಿಡಾದ ಉಳವಿ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇವುಗಳಲ್ಲಿ ಯಾವುದನ್ನೇ ಆರಿಸಿ, ಕ್ಷೇತ್ರಕ್ಕೆ ಅಂಟಿಕೊಂಡು ಮನೆ ಮಾಡಬೇಡಿ. ಒಂದೆರಡು ಊರು ಈಚೆ ಇರಿ. ಗುಡ್ಡದ ಬುಡದಲ್ಲಿ ಅಂಗಡಿ ಇದ್ದರೆ ಅದು ಯಾತ್ರಿಕರಿಗಾಗಿ ಇರುತ್ತದೆ. ನೀರಿನ ಬಾಟಲಿ ಸಿಗುತ್ತದೆ, ಕೊತ್ತಂಬರಿ ಸೊಪ್ಪು ಸಿಗುವುದಿಲ್ಲ. ಹಾಲಿನ ಡೇರಿ, ಸೊಸೈಟಿ, ಬಸ್ ನಿಲ್ಲುವ ಕಟ್ಟೆ, ಶಾಲೆ, ರಾತ್ರಿ ಕರೆದರೆ ಓಡಿ ಬರುವ ನಾಲ್ಕು ಮನೆ, ಇವೆಲ್ಲ ಇರುವುದು ಪಕ್ಕದ ಊರಿನಲ್ಲಿ. ನೀವು ಬದುಕಬೇಕಾದ್ದು ಆ ಊರಿನ ಜೊತೆ.

ಯಾಣ: ಮೇಲೋ, ಕೆಳಗೋ?

ಎಲ್ಲರೂ ಮೊದಲು ಕೇಳುವುದು ಯಾಣವನ್ನೇ. ಕಾಡಿನ ಮಧ್ಯೆ ಕಪ್ಪು ಸುಣ್ಣಕಲ್ಲಿನ ಎರಡು ದೊಡ್ಡ ಬಂಡೆಗಳು. ಭೈರವೇಶ್ವರ ಶಿಖರ ಸುಮಾರು 120 ಮೀಟರ್ ಎತ್ತರ, ಮೋಹಿನಿ ಶಿಖರ ಸುಮಾರು 90 ಮೀಟರ್. ಭಸ್ಮಾಸುರ ಸುಟ್ಟು ಬೂದಿಯಾದ ಜಾಗ ಅಂತ ಸ್ಥಳದ ಕಥೆ. ಕಲ್ಲಿನ ಕಪ್ಪು ಬಣ್ಣಕ್ಕೂ ಸುತ್ತಲಿನ ಮಣ್ಣಿನ ಬಣ್ಣಕ್ಕೂ ಆ ಬೆಂಕಿಯೇ ಕಾರಣ ಅನ್ನುತ್ತಾರೆ. ದೊಡ್ಡ ಬಂಡೆಯ ಬುಡದ ಗುಹೆಯಲ್ಲಿ ಲಿಂಗವಿದೆ. ಮೇಲಿನಿಂದ ಬಂಡೆಯ ನೀರು ಅದರ ಮೇಲೆ ಹನಿಯುತ್ತದೆ. ಶಿವರಾತ್ರಿಗೆ ಜಾತ್ರೆ. ನಡೆದೇ ಹೋಗಬೇಕಾಗಿದ್ದ ಕಾಲದಲ್ಲಿ ಹುಟ್ಟಿದ ಗಾದೆ ನಿಮಗೂ ಗೊತ್ತಿರಬಹುದು: ಸೊಕ್ಕಿದ್ದರೆ ಯಾಣ, ರೊಕ್ಕಿದ್ದರೆ ಗೋಕರ್ಣ. ಈಗ ಕಾರು ಹತ್ತಿರದವರೆಗೂ ಹೋಗುತ್ತದೆ, ಕೊನೆಯ ಸ್ವಲ್ಪ ದೂರ ಮಾತ್ರ ನಡಿಗೆ. ಆದರೆ ಅಲ್ಲಿ ವಾಸ ಮಾಡಲು ಸೊಕ್ಕು ಇವತ್ತಿಗೂ ಬೇಕು.

ಯಾಣ ಕುಮಟಾ ತಾಲೂಕಿಗೆ ಸೇರಿದ್ದು. ಆದರೆ ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಅದು ತಮ್ಮದೇ. ಹಾಗಾಗಿ ಯಾಣದ ಹತ್ತಿರ ಮನೆ ಅಂದರೆ ನಿಜಕ್ಕೂ ಎರಡು ಆಯ್ಕೆ. ಮೇಲೆ ಶಿರಸಿ ಕಡೆಯ ದೇವನಳ್ಳಿ ಸುತ್ತಮುತ್ತ. ಕೆಳಗೆ ಕುಮಟಾ ಕಡೆಯ ಕತಗಾಲ, ಇಲ್ಲವೇ ಅಂಕೋಲಾ ತಾಲೂಕಿನ ಅಚವೆ ಕಡೆ, ಅಂದರೆ ವಿಭೂತಿ ಜಲಪಾತದ ಬದಿ.

ಮೇಲಿನ ಊರುಗಳಲ್ಲಿ ಅಡಿಕೆ ತೋಟ, ಕಾಳುಮೆಣಸು, ಏಲಕ್ಕಿ, ಒಂಟಿ ಒಂಟಿ ಮನೆಗಳು. ತಂಪು ಇದೆ. ಬೇಸಿಗೆಯಲ್ಲೂ ರಾತ್ರಿ ಹೊದಿಕೆ ಬೇಕಾಗುತ್ತದೆ. ಆದರೆ ಎರಡು ಮನೆಗಳ ನಡುವೆ ಒಂದು ಗುಡ್ಡ, ಒಂದು ಹಳ್ಳ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಲೈನ್‌ಮ್ಯಾನ್ ಬರುವ ತನಕ ಕಾಯಬೇಕು, ಅವನೂ ಒಬ್ಬ ಎಷ್ಟು ಊರು ಅಂತ ನೋಡುತ್ತಾನೆ ಪಾಪ. ಮೊಬೈಲ್ ಸಿಗ್ನಲ್ ಅಂತೂ ಮನೆಯಿಂದ ಮನೆಗೆ ಬದಲಾಗುತ್ತದೆ. ಮನೆಯಲ್ಲಿ ಕೂತು ಕಂಪ್ಯೂಟರ್ ಕೆಲಸ ಮಾಡುವವರು ಊರಿನಲ್ಲಿ ನೆಟ್ ಇದೆ ಅನ್ನುವ ಮಾತನ್ನು ನಂಬಿ ಮುಂಗಡ ಕೊಡಬೇಡಿ. ಆ ಮನೆಯ ಆ ಕೋಣೆಯಲ್ಲೇ ಕೂತು, ಕರೆಂಟ್ ಹೋದಾಗ ಏನಾಗುತ್ತದೆ ಅಂತ ನೋಡಿ.

ಕೆಳಗಿನ ಕಡೆ ಸೆಕೆ. ಮಾರ್ಚ್ ಬಂತೆಂದರೆ ಮಧ್ಯಾಹ್ನ ಒಳಗೂ ಕೂರಲಾಗುವುದಿಲ್ಲ, ಹೊರಗೂ ಕೂರಲಾಗುವುದಿಲ್ಲ. ಆದರೆ ಕತಗಾಲದಲ್ಲಿ ಇದ್ದರೆ ಕುಮಟಾ ಹತ್ತಿರ. ರೈಲು ಇದೆ, ಆಸ್ಪತ್ರೆ ಇದೆ, ಸಂತೆ ಇದೆ. ಶಿರಸಿಗೆ ಹೋಗಬೇಕೆಂದರೆ ದೇವಿಮನೆ ಘಟ್ಟ ಹತ್ತಬೇಕು. ಆ ಘಟ್ಟದಲ್ಲಿ ರಸ್ತೆ ಅಗಲ ಮಾಡುವ ಕೆಲಸ ವರ್ಷಗಟ್ಟಲೆ ನಡೆದಿದೆ, ಜೋರು ಮಳೆಗೆ ಗುಡ್ಡ ಜರಿದು ಬಂದ್ ಆಗುವುದೂ ಇದೆ. ಹಾಗಾಗಿ ನಿಮ್ಮ ಆಸ್ಪತ್ರೆ, ಮಕ್ಕಳ ಶಾಲೆ, ಬ್ಯಾಂಕು ಎಲ್ಲವೂ ಘಟ್ಟದ ಒಂದೇ ಬದಿಯಲ್ಲಿ ಇರುವ ಹಾಗೆ ನೋಡಿಕೊಳ್ಳಿ. ಮನೆ ಮೇಲೆ, ಕೆಲಸ ಕೆಳಗೆ ಅಂತ ಆದರೆ ಜುಲೈ ತಿಂಗಳು ಕಷ್ಟ.

ಗಟ್ಟಿ ಆರೋಗ್ಯ ಇರುವವರಿಗೆ, ತೋಟದ ಕೆಲಸ ನಿಜವಾಗಿ ಮಾಡುವವರಿಗೆ, ಒಂಟಿತನ ಒಗ್ಗುವವರಿಗೆ ಯಾಣದ ಮೇಲಿನ ಬದಿ ಒಳ್ಳೆಯದು. ಅಪ್ಪ ಅಮ್ಮನನ್ನು ಕರೆದುಕೊಂಡು ಬರುವವರಿಗೆ ನಾನು ಅದನ್ನು ಹೇಳುವುದಿಲ್ಲ.

ಕರಿಕಾನ: ಸಮುದ್ರ ಕಾಣುವ ದೇವರ ಕಾಡು

ಹೊನ್ನಾವರ ತಾಲೂಕಿನ ನೀಲಕೋಡ ಹತ್ತಿರ ಗುಡ್ಡದ ತುದಿಯಲ್ಲಿ ಕರಿಕಾನ ಪರಮೇಶ್ವರಿ ದೇವಸ್ಥಾನ. ನಮ್ಮ ಕಡೆ ಕರಿಕಾನಮ್ಮ ಅಂತಲೇ ಕರೆಯುವುದು. ಹೊರಗಿನವರಿಗೆ ಯಾಣದಷ್ಟು ಗೊತ್ತಿಲ್ಲ. ನನಗೆ ಕೇಳಿದರೆ ಈ ನಾಲ್ಕರಲ್ಲಿ ಗುಡ್ಡ, ಕಾಡು, ದೇವರು ಮೂರೂ ಒಂದಕ್ಕೊಂದು ಬಿಡದೆ ಉಳಿದುಕೊಂಡಿರುವುದು ಇಲ್ಲೇ ಜಾಸ್ತಿ.

ಕಾನು ಅಂದರೆ ನಿತ್ಯ ಹಸಿರಿನ ದಟ್ಟ ಕಾಡು. ದೇವರ ಹೆಸರಿನಲ್ಲಿ ಬಿಟ್ಟ ಕಾನುಗಳು ಶಿರಸಿ, ಸಿದ್ದಾಪುರ, ಹೊನ್ನಾವರದ ಉದ್ದಕ್ಕೂ ಇವೆ. ಅಂಥ ಕಾನಿನಲ್ಲಿ ಕೊಡಲಿ ಹಾಕಬಾರದು ಅನ್ನುವುದು ಹಳೆಯ ಕಟ್ಟುಪಾಡು. ಕರಿಕಾನದ ಕಾಡಿನಲ್ಲಿ ಡಿಪ್ಟೆರೋಕಾರ್ಪಸ್ ಇಂಡಿಕಸ್ ಅನ್ನುವ ಭಾರೀ ಎತ್ತರದ ಮರಗಳಿವೆ. ಇವು ದಕ್ಷಿಣದ ಮಳೆಕಾಡಿನ ಮರಗಳು, ನಮ್ಮ ಜಿಲ್ಲೆಯಲ್ಲಿ ಅಪರೂಪ. ಬುಡದಲ್ಲಿ ನಿಂತು ಮೇಲೆ ನೋಡಿದರೆ ಮೊದಲ ಕೊಂಬೆ ಎಲ್ಲಿದೆ ಅಂತ ಹುಡುಕಬೇಕು. ಕೆಳಗೆ ದಪ್ಪನೆಯ ದರಕು (ಉದುರಿದ ಎಲೆ), ಹೆಜ್ಜೆ ಇಟ್ಟರೆ ಸದ್ದೇ ಬರುವುದಿಲ್ಲ. ಮೇಲೆ ದೇವಸ್ಥಾನದ ಹತ್ತಿರ ನಿಂತರೆ ಪಶ್ಚಿಮಕ್ಕೆ ಅರಬ್ಬಿ ಸಮುದ್ರ ಕಾಣುತ್ತದೆ.

ವಾಸಕ್ಕೆ ನೋಡಬೇಕಾದ್ದು ಗುಡ್ಡದ ಮೇಲಲ್ಲ. ಕೆಳಗೆ ನೀಲಕೋಡ, ಅರೇಅಂಗಡಿ ಸುತ್ತ. ಅಂಗಡಿ, ಬಸ್ಸು, ವೈದ್ಯರು ಹತ್ತಿರದಲ್ಲೇ ಸಿಗುತ್ತಾರೆ. ಹೊನ್ನಾವರಕ್ಕೆ ಹೋದರೆ ಹೆದ್ದಾರಿ 66 ಮತ್ತು ಕೊಂಕಣ ರೈಲ್ವೆ. ದೊಡ್ಡ ಕಾಯಿಲೆ ಅಂದರೆ ಮಣಿಪಾಲಕ್ಕೆ ಓಡಬೇಕು, ಇದು ಜಿಲ್ಲೆಯ ಎಲ್ಲರ ಗೋಳು. ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಇದೆ, ಆದರೂ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜನ ಕೇಳುತ್ತಲೇ ಇದ್ದಾರೆ. ಶಿರಸಿಯವರು ಹುಬ್ಬಳ್ಳಿಗೆ ಹೋಗುತ್ತಾರೆ, ಕಾರವಾರದವರು ಗೋವಾಕ್ಕೆ, ಹೊನ್ನಾವರ ಭಟ್ಕಳದವರು ಮಣಿಪಾಲ ಮಂಗಳೂರಿಗೆ. ಹೊನ್ನಾವರದಿಂದ ಮಣಿಪಾಲಕ್ಕೆ ಹೋಗುವ ದಾರಿಯಲ್ಲಿ ಘಟ್ಟ ಇಲ್ಲ. ರಾತ್ರಿ ಎರಡು ಗಂಟೆಗೆ ಆಂಬುಲೆನ್ಸ್ ಹತ್ತುವವರಿಗೆ ಅದು ದೊಡ್ಡ ವ್ಯತ್ಯಾಸ.

ಇಲ್ಲಿನ ಕಷ್ಟ ಸೆಕೆ ಮತ್ತು ತೇವ. ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ. ಜೂನ್ ಜುಲೈನಲ್ಲಿ ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೆ, ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ಅದೇ ನೆಲದಲ್ಲಿ ಏಪ್ರಿಲ್‌ಗೆ ಬಾವಿ ಬತ್ತುತ್ತದೆ. ಚಿರೇಕಲ್ಲಿನ, ಅಂದರೆ ತೂತು ತೂತಾದ ಕೆಂಪು ಕಲ್ಲಿನ ಗುಡ್ಡ ನೀರನ್ನು ಬೇಗ ಕುಡಿಯುತ್ತದೆ, ಬೇಗ ಬಿಟ್ಟೂ ಬಿಡುತ್ತದೆ. ಗುಡ್ಡದ ಏರಿನಲ್ಲಿ ಇರುವ ಜಾಗ ನೋಟಕ್ಕೆ ಚೆಂದ, ಆದರೆ ಬಾವಿ ಆಳ. ತಗ್ಗಿನಲ್ಲಿ ಇರುವ ಜಾಗಕ್ಕೆ ನೀರಿದೆ, ನೋಟ ಇಲ್ಲ. ಶರಾವತಿ ಸಮುದ್ರ ಸೇರುವ ಕಡೆ ಹೋದರೆ ಬೇಸಿಗೆಯಲ್ಲಿ ಕೆಲವು ಬಾವಿಗಳಿಗೆ ಉಪ್ಪು ನೀರು ಬರುತ್ತದೆ. ನಾನಾದರೆ ನೋಟ ಬಿಟ್ಟು ನೀರು ಹಿಡಿಯುತ್ತೇನೆ. ಸಮುದ್ರ ನೋಡಬೇಕು ಅನಿಸಿದ ದಿನ ಗುಡ್ಡ ಹತ್ತಿದರಾಯಿತು.

ನಿವೃತ್ತರಿಗೆ, ಶಾಲೆಗೆ ಹೋಗುವ ಮಕ್ಕಳಿರುವವರಿಗೆ, ತಿಂಗಳಿಗೊಮ್ಮೆ ಊರೂರು ತಿರುಗುವ ಕೆಲಸದವರಿಗೆ ನಾಲ್ಕರಲ್ಲಿ ಇದೇ ಸರಿ ಅಂತ ನನ್ನ ಅನಿಸಿಕೆ.

ಸೋಂದೆ: ಶಿಖರ ಇಲ್ಲ, ಪರಂಪರೆ ಇದೆ

ಸೋಂದೆಯನ್ನು ಈ ಪಟ್ಟಿಗೆ ಯಾಕೆ ಸೇರಿಸಿದೆ ಅಂತ ಕೇಳಬಹುದು. ಅಲ್ಲಿ ತೋರಿಸಿ ಇದೇ ಅನ್ನುವಂಥ ಶಿಖರ ಇಲ್ಲ. ಇರುವುದು ಸಹ್ಯಾದ್ರಿಯ ಬೆನ್ನು, ಸಣ್ಣ ಸಣ್ಣ ಬೆಟ್ಟಗಳು, ಶಾಲ್ಮಲಾ ನದಿ. ಆದರೆ ಗುಡ್ಡದ ಹತ್ತಿರ ಇರಬೇಕು ಅನ್ನುವವರಲ್ಲಿ ಅರ್ಧ ಜನಕ್ಕೆ ನಿಜವಾಗಿ ಬೇಕಿರುವುದು ಜೀವಂತವಾಗಿರುವ ಪೂಜೆ, ಪಾಠ, ಸಂಗೀತ, ಮಾತಾಡಲು ಜನ. ಅದು ಸೋಂದೆಯಲ್ಲಿ ಸಿಗುವಷ್ಟು ಯಾಣದಲ್ಲಿ ಸಿಗುವುದಿಲ್ಲ.

ಸೋಂದೆ ಅರಸರ ಊರು. 1480ರಿಂದ 1600ರವರೆಗೆ ಬದುಕಿದ ಮಾಧ್ವ ಯತಿ ವಾದಿರಾಜರು ವೃಂದಾವನಸ್ಥರಾದದ್ದು ಇಲ್ಲಿ. ಧವಳಗಂಗೆಯ ಕೊಳ, ತ್ರಿವಿಕ್ರಮ ದೇವಸ್ಥಾನ ಅಲ್ಲೇ ಇವೆ. ಇನ್ನೊಂದು ಕಡೆ ಹವ್ಯಕರ ಸ್ವರ್ಣವಲ್ಲೀ ಮಠ. ಜೈನರ ಸ್ವಾದಿ ಮಠವೂ ಇಲ್ಲೇ. ಇಷ್ಟು ಹತ್ತಿರ ಹತ್ತಿರ ಮೂರು ಪರಂಪರೆ ನೂರಾರು ವರ್ಷದಿಂದ ಕೂಡಿ ಬಾಳಿದ ಊರು ನಮ್ಮ ಜಿಲ್ಲೆಯಲ್ಲಿ ಬೇರೆ ಕಡೆ ಹುಡುಕುವುದು ಕಷ್ಟ. ಭೈರುಂಬೆ ಬದಿಗೆ ಬಂದರೆ ಸಹಸ್ರಲಿಂಗ. ಹೊಳೆಯ ಬಂಡೆಗಳ ಮೇಲೆ ಕೆತ್ತಿದ ಲಿಂಗಗಳು ನೀರು ಇಳಿದಾಗ ಮಾತ್ರ ಪೂರ್ತಿ ಕಾಣುತ್ತವೆ. ಶಿವರಾತ್ರಿಗೆ ಜನ ಕಾಲು ನೆನೆಸಿಕೊಂಡು ತಮಗೆ ಬೇಕಾದ ಲಿಂಗಕ್ಕೆ ತಾವೇ ಪೂಜೆ ಮಾಡುತ್ತಾರೆ.

ಮಠಗಳಿರುವ ಊರಿಗೆ ವರ್ಷವಿಡೀ ಒಂದು ಲಯ ಇರುತ್ತದೆ. ವಾದಿರಾಜರ ಆರಾಧನೆ ಬಂದಾಗ ಊರು ತುಂಬುತ್ತದೆ. ನರಸಿಂಹ ಜಯಂತಿಯ ಹೊತ್ತಿಗೆ ಸ್ವರ್ಣವಲ್ಲಿಯಲ್ಲಿ ಕೃಷಿ ಜಯಂತಿ ನಡೆಯುತ್ತದೆ. ತೋಟದ ಸಮಸ್ಯೆ ಮಾತಾಡಲು ಮಠದಲ್ಲಿ ಸೇರುವುದು ಇಲ್ಲಿಯ ಜನಕ್ಕೆ ಸಹಜ. ಯಕ್ಷಗಾನ, ತಾಳಮದ್ದಲೆ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಯಾರ ಮನೆಗೆ ಹೋದರೂ ಮೊದಲು ಆಸ್ರಿಗೆ (ಕುಡಿಯಲು) ಏನು ಬೇಕು ಅಂತ ಕೇಳುತ್ತಾರೆ, ಆಮೇಲೆ ಕವಳದ ಬಟ್ಟಲು ಬರುತ್ತದೆ. ಎಲೆಗೆ ಸುಣ್ಣ ಹಚ್ಚುವ ಹೊತ್ತಿನಲ್ಲೇ ಅರ್ಧ ಊರಿನ ವಿಷಯ ಗೊತ್ತಾಗುತ್ತದೆ. ಗುಟ್ಟಾಗಿ, ಯಾರ ಕಣ್ಣಿಗೂ ಬೀಳದೆ ಇರಬೇಕು ಅನ್ನುವವರು ಇಲ್ಲಿಗೆ ಬರಬಾರದು. ಹೊಸದಾಗಿ ಬಂದವರು ಯಾರು, ಏನು, ಎಲ್ಲಿಯವರು ಅಂತ ಎಲ್ಲರೂ ಕೇಳುತ್ತಾರೆ. ಅದು ಕಾಳಜಿಯೇ.

ನೆಲೆಸಲು ಸೋಂದೆಯ ಮಠದ ಬೀದಿಗಿಂತ ಹುಲೇಕಲ್ ಅಥವಾ ಭೈರುಂಬೆ ಕಡೆ ನೋಡಿ ಅನ್ನುತ್ತೇನೆ. ಶಿರಸಿಗೆ ಹೋಗಿ ಬರುವುದು ಸುಲಭ. ಅಡಿಕೆ ಮಾರಲು, ಗೊಬ್ಬರ ತರಲು, ಕಿರಾಣಿ ತರಲು ಶಿರಸಿಯ ಸಹಕಾರಿ ಸಂಘಗಳೇ ಆಧಾರ. ಎತ್ತರ ಸುಮಾರು 600 ಮೀಟರ್ ಇರುವುದರಿಂದ ಸೆಕೆ ಕಡಿಮೆ. ರೈಲು ಮಾತ್ರ ಇಲ್ಲ. ಹುಬ್ಬಳ್ಳಿಗೋ, ತಾಳಗುಪ್ಪಕ್ಕೋ, ಕುಮಟಾಕ್ಕೋ ಹೋಗಿಯೇ ಹತ್ತಬೇಕು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಶಿರಸಿ ಪೇಟೆಯ ಕೆಲಸ ಒಂದು ವಾರ ಮರೆತುಬಿಡಿ, ಜಾತ್ರೆಗೇ ಹೋಗಿ.

ತೋಟ ತೆಗೆದುಕೊಳ್ಳುವ ಆಲೋಚನೆ ಇದ್ದರೆ ಕೊನೆಗೌಡರ ವಿಷಯ ಮೊದಲು ವಿಚಾರಿಸಿ. ಅಡಿಕೆ ಮರ ಹತ್ತಿ ಕೊನೆ ಇಳಿಸುವವರು, ಮಳೆಗಾಲಕ್ಕೆ ಮೊದಲು ಕೊಳೆ ಔಷಧಿ ಹೊಡೆಯುವವರು ಈಗ ಕಡಿಮೆ. ಅವರು ಮೊದಲು ಹೋಗುವುದು ವರ್ಷಾನುಗಟ್ಟಲೆ ಪರಿಚಯ ಇರುವ ಮನೆಗೆ. ಬೋರ್ಡೋ ದ್ರಾವಣ ಹೊಡೆಯುವುದು ಎರಡು ವಾರ ತಡವಾದರೆ ಕೊಳೆರೋಗಕ್ಕೆ ಕಾಯಿ ಉದುರಿ ಮರದ ಬುಡದಲ್ಲಿ ರಾಶಿ ಬೀಳುತ್ತದೆ. ಮನೆಗೆ ಬೇಕಾದಷ್ಟು ತರಕಾರಿ, ಬಾಳೆ, ನಾಲ್ಕು ತೆಂಗು ಬೆಳೆಯುವ ಜಾಗ ಸಾಕು ಅಂತ ಶುರು ಮಾಡುವುದು ಒಳ್ಳೆಯದು.

ಉಳವಿ: ಯಾತ್ರೆಗೆ ಹೌದು, ಮನೆಗೆ ಬೇಡ

ಕಲ್ಯಾಣದ ಕ್ರಾಂತಿಯ ನಂತರ ಶರಣರು ವಚನದ ಕಟ್ಟುಗಳನ್ನು ಕಾಪಾಡಿಕೊಂಡು ಬಂದು ಸೇರಿದ ಕಾಡು ಇದು ಅನ್ನುವುದು ನಂಬಿಕೆ. ಚೆನ್ನಬಸವಣ್ಣನವರ ಸಮಾಧಿ ಇಲ್ಲಿದೆ. ಅವರ ತಾಯಿ ಅಕ್ಕನಾಗಮ್ಮನ ಹೆಸರಿನ ಗವಿಯೂ ಇದೆ. ಮಾಘ ಮಾಸದ ಭಾರತ ಹುಣ್ಣಿಮೆಯ ಹೊತ್ತಿಗೆ ಜಾತ್ರೆ. ಧಾರವಾಡ, ಬೆಳಗಾವಿ, ಹಾವೇರಿ ಕಡೆಯ ರೈತರು ಚಕ್ಕಡಿ ಕಟ್ಟಿಕೊಂಡು ಬರುವುದನ್ನು ನೋಡಬೇಕು. ಎತ್ತಿನ ಕೊರಳಲ್ಲಿ ಗೆಜ್ಜೆ, ಗಾಡಿಯೊಳಗೆ ಅಕ್ಕಿ ಜೋಳ, ಹಿಂದೆ ಮೇವು. ದಾರಿಯಲ್ಲೇ ಅಡಿಗೆ, ದಾರಿಯಲ್ಲೇ ನಿದ್ದೆ. ಬಯಲು ಸೀಮೆಯ ಎತ್ತುಗಳು ಮಲೆನಾಡಿನ ಏರು ಹತ್ತುವುದು ನೋಡಿದರೆ ಭಕ್ತಿ ಅಂದರೆ ಏನು ಅಂತ ಕೇಳಬೇಕಾಗಿಲ್ಲ.

ಈ ಊರಿನ ಮೇಲೆ ನನಗೆ ಬಹಳ ಗೌರವ. ಆದರೂ ಹೊಸದಾಗಿ ಮನೆ ಮಾಡಲು ಇಲ್ಲಿಗೆ ಬರಬೇಡಿ ಅಂತಲೇ ಹೇಳುತ್ತೇನೆ. ಜೋಯಿಡಾ ತಾಲೂಕಿನ ದೊಡ್ಡ ಭಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದೆ. 1956ರ ದಾಂಡೇಲಿ ಅಭಯಾರಣ್ಯ, ಆಮೇಲೆ ಅಣಶಿ ರಾಷ್ಟ್ರೀಯ ಉದ್ಯಾನ, 2007ರಲ್ಲಿ ಎರಡೂ ಸೇರಿ ಹುಲಿ ಯೋಜನೆ, 2015ರಲ್ಲಿ ಕಾಳಿ ಎಂಬ ಹೆಸರು. ಒಳಗಿನ ಹಾಡಿಗಳ ಕುಟುಂಬಗಳಿಗೆ ಪರಿಹಾರ ಕೊಟ್ಟು ಹೊರಗೆ ಕಳಿಸುವ ಕೆಲಸ ನಡೆಯುತ್ತಿದೆ. ಇದಕ್ಕೂ ಮೊದಲು ಸೂಪಾ ಅಣೆಕಟ್ಟಿಗಾಗಿ ಹಳೆಯ ಸೂಪಾ ಪೇಟೆಯೇ ಮುಳುಗಿತು. ತಲೆತಲಾಂತರದಿಂದ ಇದ್ದ ಕುಣಬಿ ಸಮುದಾಯದವರು ಊರು ಬಿಟ್ಟು ಹೋಗುತ್ತಿರುವಾಗ ನಾವು ಶಾಂತಿ ಹುಡುಕಿಕೊಂಡು ಹೋಗಿ ಅಲ್ಲಿ ಹೆಂಚಿನ ಮನೆ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ.

ಸೌಕರ್ಯದ ಲೆಕ್ಕದಲ್ಲೂ ದೂರ. ಜೋಯಿಡಾದಿಂದ ಉಳವಿಗೆ ಕಾಡಿನ ದಾರಿ. ಆಸ್ಪತ್ರೆಗೆ ದಾಂಡೇಲಿ, ಅಲ್ಲಿಂದ ಮುಂದೆ ಧಾರವಾಡ ಹುಬ್ಬಳ್ಳಿ. ಊರ ಮಾತು ಕೊಂಕಣಿ. ಕನ್ನಡ ನಡೆಯುತ್ತದೆ, ಆದರೆ ಒಳಗಿನವರಾಗಲು ಕೊಂಕಣಿ ಕಲಿಯಬೇಕು. ಉಳವಿಯ ಸೆಳೆತ ನಿಮಗೆ ಅಷ್ಟಿದ್ದರೆ ಜಾತ್ರೆಗೆ ಬನ್ನಿ, ಜಾತ್ರೆ ಇಲ್ಲದಾಗಲೂ ಬನ್ನಿ. ಜೋಯಿಡಾದ ಗಡ್ಡೆ ಗೆಣಸು ಮೇಳಕ್ಕೆ ಬಂದು ಕುಣಬಿ ಹೆಂಗಸರು ಬೆಳೆದ ಗೆಡ್ಡೆಗಳನ್ನು ಕೊಂಡು ಹೋಗಿ. ಒಂದೊಂದು ಗೆಡ್ಡೆಯನ್ನು ಹೇಗೆ ಬೇಯಿಸಬೇಕು ಅಂತ ಅವರೇ ಕೂತು ಹೇಳಿಕೊಡುತ್ತಾರೆ.

ಬಿಟ್ಟ ಊರುಗಳ ಬಗ್ಗೆ ಒಂದು ಮಾತು. ಮುರ್ಡೇಶ್ವರದ ಕಂದುಕಗಿರಿಯೂ ಗೋಕರ್ಣವೂ ದೊಡ್ಡ ಕ್ಷೇತ್ರಗಳೇ, ಆದರೆ ಅವು ಈಗ ಪ್ರವಾಸಿಗಳ ಪೇಟೆ. ಹಳ್ಳಿಯ ಬದುಕು ಬೇಕು ಅನ್ನುವವರು ಅಲ್ಲಿ ಶನಿವಾರ ಭಾನುವಾರ ಕಳೆದು ನೋಡಿದರೆ ಸಾಕು. ಸಿದ್ದಾಪುರದ ಭುವನಗಿರಿ ನನಗೆ ಇಷ್ಟದ ಜಾಗ, ಮೆಟ್ಟಿಲು ಹತ್ತಿ ಹೋಗಿ ಕನ್ನಡದ ತಾಯಿ ಭುವನೇಶ್ವರಿಯ ಎದುರು ನಿಲ್ಲುವುದು ಚೆಂದ. ಆ ಕಡೆ ಮನೆ ಮಾಡುವುದಾದರೆ ಮಂಗನ ಕಾಯಿಲೆಯ ಎಚ್ಚರ ಬೇಕು. 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಜ್ವರ ಸಿದ್ದಾಪುರ, ಹೊನ್ನಾವರದ ಕಾಡಂಚಿನ ಊರುಗಳಲ್ಲೂ ಕಾಣಿಸಿಕೊಳ್ಳುತ್ತದೆ. ಹರಡುವುದು ಉಣ್ಣಿಯಿಂದ, ಡಿಸೆಂಬರ್‌ನಿಂದ ಮೇ ತನಕ ಜಾಸ್ತಿ. ಆಗ ದರಕು ಗುಡಿಸಲು, ಸೊಪ್ಪು ತರಲು ಕಾಡಿಗೆ ಹೋಗುವವರು ಮೈಗೆ ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿಕೊಂಡು ಹೋಗಬೇಕು. ಬಂದ ಮೇಲೆ ಬಿಸಿನೀರು ಹೊಯ್ದುಕೊಂಡು ಬಟ್ಟೆಯನ್ನೂ ಬಿಸಿನೀರಿನಲ್ಲಿ ಒಗೆಯಬೇಕು. ಹತ್ತಿರ ಮಂಗ ಸತ್ತು ಬಿದ್ದರೆ ಮುಟ್ಟಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ.

ಕಾಗದ, ಧರೆ, ನೀರು

ಯಾವ ಊರು ಆರಿಸಿದರೂ ಈ ಮೂರು ಬರುತ್ತವೆ. ಇದರಲ್ಲಿ ಕಾಗದದ ವಿಷಯವೇ ಜನರನ್ನು ಹೆಚ್ಚು ಸುಡುವುದು.

ನಮ್ಮ ಜಿಲ್ಲೆಯ ಹೆಚ್ಚಿನ ಭಾಗ ಅರಣ್ಯ. ಮಾಲ್ಕಿ, ಅಂದರೆ ಖಾಸಗಿ ಒಡೆತನದ ಜಾಗ ಕಡಿಮೆ. ಹಾಗಾಗಿ ನಿಮಗೆ ತೋರಿಸುವ ಎರಡು ಎಕರೆಯಲ್ಲಿ ನಿಜಕ್ಕೂ ಮಾಲ್ಕಿ ಅರ್ಧ ಎಕರೆ ಇರಬಹುದು, ಉಳಿದದ್ದು ಬೆಟ್ಟ. ಅಡಿಕೆ ತೋಟಕ್ಕೆ ಸೊಪ್ಪು, ದರಕು ತರಲು ಬ್ರಿಟಿಷರ ಕಾಲದಿಂದ ಕೊಟ್ಟ ಜಾಗ ಅದು, ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಕೊಟ್ಟದ್ದಿದೆ. ಬೆಟ್ಟದ ಸೊಪ್ಪಿನ ಹಕ್ಕು ಇದೆ ಅಂದರೆ ಅದು ನಿಮ್ಮ ಸ್ವಂತ ಜಾಗ ಅಂತ ಅರ್ಥ ಅಲ್ಲ. ಅಲ್ಲಿ ಮನೆ ಕಟ್ಟುವ ಹಾಗಿಲ್ಲ, ಹೋಂ ಸ್ಟೇ ಕಟ್ಟುವ ಹಾಗೂ ಇಲ್ಲ.

ಇನ್ನೊಂದು, ಕಾಡಿನ ಅತಿಕ್ರಮಣ ಜಾಗ. ಜಿಪಿಎಸ್ ಅಳತೆ ಆಗಿದೆ, ಅರ್ಜಿ ಕೊಟ್ಟಿದ್ದೇವೆ, ಪಟ್ಟಾ ಬರುತ್ತದೆ ಅಂತ ಹೇಳುತ್ತಾರೆ. ತಲೆಮಾರಿನಿಂದ ಅಲ್ಲಿ ಬದುಕಿದ ಬಡವರಿಗೆ 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿ ಬದುಕಿನ ಪ್ರಶ್ನೆ, ಅದಕ್ಕಾಗಿ ಅವರು ಹೋರಾಡುತ್ತಿದ್ದಾರೆ. ಹೊರಗಿನಿಂದ ಬಂದು ದುಡ್ಡು ಕೊಟ್ಟು ಆ ಜಾಗ ಹಿಡಿಯುವವರಿಗೆ ಅದರಲ್ಲಿ ಯಾವ ಹಕ್ಕೂ ಇಲ್ಲ. ಕಡಿಮೆ ರೇಟು ಅಂತ ಕೈ ಹಾಕಬೇಡಿ.

2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕರ್ನಾಟಕದಲ್ಲಿ ಕೃಷಿ ಜಮೀನು ಕೊಳ್ಳಬಹುದು. ಆದರೆ ಪಹಣಿ, ಹಳೆಯ ಮ್ಯುಟೇಶನ್, 11ಇ ನಕ್ಷೆ (ಮಾರುವ ಭಾಗದ ಅಳತೆ ನಕ್ಷೆ), ಋಣಭಾರ ಪತ್ರ ಎಲ್ಲ ತೆಗೆಸಿ ಶಿರಸಿಯಲ್ಲೋ ಕುಮಟಾದಲ್ಲೋ ಇರುವ ವಕೀಲರಿಗೆ ತೋರಿಸಿ. ಬೆಂಗಳೂರಿನ ವಕೀಲರಿಗೆ ಬೆಟ್ಟದ ವಿಷಯ ಗೊತ್ತಿರುವುದು ಅಪರೂಪ. ದಾರಿಯ ಹಕ್ಕು ಕಾಗದದಲ್ಲಿ ಇದೆಯೇ ಅಂತಲೂ ಕೇಳಿ. ಪಕ್ಕದ ತೋಟದವರು ಒಳ್ಳೆಯವರು, ಬಿಡುತ್ತಾರೆ ಅನ್ನುವುದು ಅವರ ಮಕ್ಕಳ ಕಾಲಕ್ಕೂ ನಡೆಯುತ್ತದೆ ಅಂತ ಹೇಳಲಾಗುವುದಿಲ್ಲ.

ಧರೆ ಅಂದರೆ ಮನೆ ಹಿಂದೆ ಗುಡ್ಡ ಕಡಿದು ನಿಲ್ಲಿಸಿದ ಮಣ್ಣಿನ ಗೋಡೆ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆ, ರಸ್ತೆ ಹಾಳಾದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಬಂದು ಜೀವಗಳು ಹೋದವು. ಹಳೆಯ ಮನೆಗಳನ್ನು ನೋಡಿ, ಧರೆಯಿಂದ ದೂರ ಸರಿದೇ ಕೂತಿರುತ್ತವೆ. ಹೊಸ ಮನೆಗಳು ಜೆಸಿಬಿ ತಂದು ಗುಡ್ಡವನ್ನು ನೇರವಾಗಿ ಕಡಿದು ಒಳಗೆ ತೂರಿಕೊಂಡಿರುತ್ತವೆ. ಅಂಥ ಮನೆ ಎಷ್ಟೇ ಚೆಂದ ಇದ್ದರೂ ಬಿಟ್ಟುಬಿಡಿ. ಧರೆಯ ಮೇಲಿನ ಮರಗಳು ವಾಲಿವೆಯೇ, ಮಳೆಯಲ್ಲಿ ಹೊಸ ಜಾಗದಲ್ಲಿ ಕೆಂಪು ನೀರು ಜಿನುಗುತ್ತದೆಯೇ, ಅಂಗಳದಲ್ಲಿ ಬಿರುಕು ಇದೆಯೇ ಅಂತ ನೋಡಿ.

ನೀರಿಗೆ ಘಟ್ಟದ ಮೇಲೆ ಅನೇಕ ಮನೆಗಳಲ್ಲಿ ಅಬ್ಬಿ ಇದೆ. ಮೇಲಿನ ಹಳ್ಳದಲ್ಲಿ ಕಲ್ಲು ಒಟ್ಟಿ ಸಣ್ಣ ಗುಂಡಿ ಮಾಡಿ, ಅಲ್ಲಿಂದ ಕರಿ ಪೈಪು ಎಳೆದು ಮನೆಯ ತೊಟ್ಟಿಗೆ ಬಿಟ್ಟಿರುತ್ತಾರೆ. ಹಿಂದೆ ಸೀಳಿದ ಅಡಿಕೆ ಮರದ ದಬ್ಬೆಯಲ್ಲಿ ಹರಿಯುತ್ತಿದ್ದ ನೀರೇ ಇದು. ಪಂಪು ಬೇಡ, ಬಿಲ್ಲು ಇಲ್ಲ, ಹಗಲು ರಾತ್ರಿ ತೊಟ್ಟಿಗೆ ಬೀಳುತ್ತಲೇ ಇರುತ್ತದೆ. ಆದರೆ ನೋಡಿಕೊಳ್ಳಬೇಕು. ಪೈಪಿನ ಬಾಯಿಗೆ ತೂತು ಮಾಡಿದ ಪ್ಲಾಸ್ಟಿಕ್ ಬಾಟಲಿ ಸಿಕ್ಕಿಸಿ ಮೇಲೆ ಬಲೆ ಕಟ್ಟಿರುತ್ತಾರೆ. ಮೊದಲ ಜೋರು ಮಳೆಗೆ ಎಲೆ, ಮಣ್ಣು ಬಂದು ಅದು ಕಟ್ಟಿಕೊಳ್ಳುತ್ತದೆ. ಆಗ ಯಾರಾದರೂ ಕಂಬಳಿಕೊಪ್ಪೆ ಹಾಕಿಕೊಂಡು, ಕಾಲಿಗೆ ಉಂಬಳ (ಜಿಗಣೆ) ಹತ್ತಿಸಿಕೊಂಡು ಮೇಲೆ ಹೋಗಿ ಬಾಯಿ ಬಿಡಿಸಿ ಬರಬೇಕು. ಮಂಗ ಪೈಪು ಎಳೆದುಹಾಕಿದರೂ ಅದೇ ಕೆಲಸ. ಆ ಹಳ್ಳದಿಂದ ಎಷ್ಟು ಮನೆಗೆ ನೀರು ಹೋಗುತ್ತದೆ, ಬೇಸಿಗೆಯಲ್ಲಿ ಯಾರಿಗೆ ಯಾವ ಹೊತ್ತು ಅಂತ ಊರಿನಲ್ಲಿ ಒಪ್ಪಂದ ಇರುತ್ತದೆ. ಅದನ್ನು ಮನೆ ಮಾರುವವರ ಹತ್ತಿರ ಅಲ್ಲ, ಕೆಳಗಿನ ಮನೆಯವರ ಹತ್ತಿರ ಕೇಳಿ. ಅವರಿಗೇ ಸರಿಯಾಗಿ ಗೊತ್ತಿರುವುದು.

ಇಷ್ಟು ಓದಿದ ಮೇಲೂ ಬರುವ ಮನಸ್ಸಿದ್ದರೆ ಮೊದಲು ಬಾಡಿಗೆಗೆ ಬನ್ನಿ. ಜಾಗ ಕೊಳ್ಳುವ ಮಾತು ಆಮೇಲೆ. ಮಕ್ಕಳು ಊರು ಬಿಟ್ಟು ಹೋಗಿ ಹಿರಿಯರಷ್ಟೇ ಉಳಿದ ದೊಡ್ಡ ಮನೆಗಳು ಈ ಎಲ್ಲ ಊರುಗಳಲ್ಲೂ ಇವೆ. ಒಂದು ಭಾಗ ಬಾಡಿಗೆಗೆ ಕೊಟ್ಟರೆ ಅವರಿಗೂ ಮನೆಯಲ್ಲಿ ಜನ ಆದಂತೆ. ಇದಕ್ಕೆ ಜಾಹೀರಾತು ಇರುವುದಿಲ್ಲ. ಬೆಳಗ್ಗೆ ಹಾಲು ಹಾಕುವ ಹೊತ್ತಿಗೆ ಡೇರಿ ಹತ್ತಿರ ನಿಂತು ಕೇಳಿದರೆ ಗೊತ್ತಾಗುತ್ತದೆ. ಮೇ ಕೊನೆಯಲ್ಲಿ ಬಂದು, ಗೌರಿ ಗಣೇಶ ಹಬ್ಬದ ತನಕ ಇರಿ. ಸೌದೆ, ಮೇಣದಬತ್ತಿ, ಒಂದು ತಿಂಗಳ ಅಕ್ಕಿ ಬೇಳೆ ಮೊದಲೇ ತಂದಿಟ್ಟುಕೊಳ್ಳಿ. ಹಬ್ಬ ಮುಗಿದ ಮೇಲೆ ಅದೇ ಮನೆಯವರ ಜೊತೆ ಕೂತು ಜಾಗದ ಮಾತು ತೆಗೆಯಿರಿ.